ವರದಿ ಬರೆಯುವವಳ ಪಾಠಗಳು

ಊರಿನಲ್ಲಿ ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ನಮ್ಮವ್ವನದು ಒಂದೇ ಉತ್ತರ: 'ಸಂಘಗಳ ಲೆಕ್ಕ ನೋಡ್ತಾಳೆ.' ಮೊದಮೊದಲು ನನಗೆ ಮುಜುಗರವಾಗುತ್ತಿತ್ತು. ಲೆಕ್ಕ ನೋಡುವವಳಲ್ಲವ್ವಾ, ಸಂಸ್ಥೆಗಳಿಗೆ ಯೋಜನೆ ರೂಪಿಸಿಕೊಡ್ತೀನಿ, ದುಡ್ಡು ಕೊಡೋ ಫೌಂಡೇಶನ್‌ಗಳಿಗೆ ಮೌಲ್ಯಮಾಪನ ಮಾಡಿಕೊಡ್ತೀನಿ, ಕನ್ಸಲ್ಟೆಂಟ್ ಅಂತಾರೆ ಎಂದೆಲ್ಲ ತಿದ್ದುತ್ತಿದ್ದೆ. ಈಗ ತಿದ್ದುವುದನ್ನು ಬಿಟ್ಟಿದ್ದೇನೆ. ಇಪ್ಪತ್ತು ವರ್ಷಕ್ಕೂ ಮೇಲೆ ಈ ಕಸುಬು ಮಾಡಿದ ಮೇಲೆ ಅವ್ವನ ಮಾತೇ ಹೆಚ್ಚು ಸರಿ ಅನ್ನಿಸುತ್ತಿದೆ.

ನನ್ನ ಆಫೀಸು ಚಿಕ್ಕಜಾಜೂರಿನ ನಮ್ಮ ಮನೆಯ ಮುಂದಿನ ಕೋಣೆ. ಬೆಂಗಳೂರಿನವರಿಗೆ ಇದು ತಮಾಷೆಯಾಗಿ ಕಾಣುತ್ತದೆ. ಆದರೆ ಇದು ಜಂಕ್ಷನ್. ಬೆಂಗಳೂರಿಂದ ಹುಬ್ಬಳ್ಳಿಗೆ ಹೋಗುವ ಹಳಿ ಇಲ್ಲೇ ಹಾದುಹೋಗುತ್ತದೆ, ಚಿತ್ರದುರ್ಗ, ರಾಯದುರ್ಗದ ಮೇಲೆ ಬಳ್ಳಾರಿಗೆ ಹೋಗುವ ಹಳಿ ಇಲ್ಲಿಂದಲೇ ಕವಲೊಡೆಯುತ್ತದೆ. ದುಡ್ಡಿರುವ ಕಡೆಗೂ ದುಡ್ಡು ಖರ್ಚಾಗುವ ಕಡೆಗೂ ಒಂದೇ ಪ್ಲಾಟ್‌ಫಾರ್ಮಿನಿಂದ ಹೊರಡಬಹುದು. ಎಂಎಸ್‌ಡಬ್ಲ್ಯು ಮುಗಿಸಿದ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ, 'ಮೇಡಂ, ಕನ್ಸಲ್ಟೆಂಟ್ ಆಗೋದು ಹೆಂಗೆ?' ಎಂದು ಕೇಳುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಅನುಕ್ರಮಕ್ಕೆ ಅರ್ಥ ಹುಡುಕಬೇಡಿ.

1. ಸಲಹೆ ಕೊಡುವ ಮೊದಲು ನಾಲ್ಕು ವರ್ಷ ನಡಾವಳಿ ಬರೆಯಿರಿ.

ನಾನು ಶುರು ಮಾಡಿದ್ದು 2003ರಲ್ಲಿ, ಒಂದು ಸಂಸ್ಥೆಯ ಫೀಲ್ಡ್ ಸ್ಟಾಫ್ ಆಗಿ. ಆಗ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ನೀರಿನ ಯೋಜನೆಗಳು. ವಿಶ್ವಬ್ಯಾಂಕಿನ ಸಾಲದ ಸುಜಲ ಜಲಾನಯನ ಯೋಜನೆ ಚಿತ್ರದುರ್ಗ, ತುಮಕೂರು, ಕೋಲಾರ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆಯುತ್ತಿತ್ತು. ಕೆರೆಗಳ ಹೂಳು ತೆಗೆಸಲು ಜಲಸಂವರ್ಧನೆ ಯೋಜನಾ ಸಂಘ ಬಂದಿತ್ತು. ಸುಜಲದಲ್ಲಿ ಬದು, ಕೃಷಿಹೊಂಡಗಳ ಪರಿಣಾಮವನ್ನು ಇಸ್ರೋದ ಆಂಟ್ರಿಕ್ಸ್ ಕಂಪನಿ ಉಪಗ್ರಹದ ಚಿತ್ರಗಳನ್ನಿಟ್ಟುಕೊಂಡು ಅಳೆಯುತ್ತಿತ್ತು. ಅಷ್ಟು ಎತ್ತರದಿಂದ ಕಾಣದಿದ್ದದ್ದು ನಾವು ಬರೆಯುತ್ತಿದ್ದ ಸಂಘದ ನಡಾವಳಿ ಪುಸ್ತಕ. ಹಾಲು ಕರೆದು, ಮುದ್ದೆ ಉಂಡು ಜನ ಗುಡಿ ಕಟ್ಟೆಗೆ ಬರುವ ಹೊತ್ತಿಗೆ ರಾತ್ರಿ ಎಂಟೂವರೆ. ಯಾರ ಹೊಲದ ಬದು ಮೊದಲು, ವಂತಿಕೆ ಕೊಡದವನನ್ನು ಏನು ಮಾಡುವುದು ಎಂದು ಒಂದು ತಾಸು ಜಗಳ. ಜಗಳವೆಲ್ಲ ಮುಗಿದ ಮೇಲೆ ಪುಸ್ತಕದಲ್ಲಿ ಉಳಿಯುತ್ತಿದ್ದದ್ದು ಎರಡೇ ಸಾಲು: 'ಚರ್ಚಿಸಿ ಒಮ್ಮತದಿಂದ ಠರಾಯಿಸಲಾಯಿತು.' ಆ ಒಮ್ಮತ ಎಂಬ ಪದದ ಹಿಂದೆ ಎಷ್ಟು ಬೈಗುಳ ಇರುತ್ತದೆಂದು ಬರೆದವರಿಗಷ್ಟೇ ಗೊತ್ತು.

ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಕೆಲವು ವರ್ಷದ ಮೇಲೆ ಬೇರೊಂದು ಸಂಸ್ಥೆಯಲ್ಲಿದ್ದೆ. ಹೆಸರು ಬೇಡ. ಬೆಳಗಾದರೆ ದಾನಿಗಳ ಭೇಟಿ, ಐದು ತಿಂಗಳ ನಡಾವಳಿ ಬರೆದಿಲ್ಲ. ರಾತ್ರಿ ಕೂತು ಮೂರು ಬಣ್ಣದ ಪೆನ್ನಿನಲ್ಲಿ ಐದು ಸಭೆ ನಡೆಸಿದೆ. ಒಂದು ಪುಟಕ್ಕೆ ಟೀ ಕಲೆಯನ್ನೂ ಮಾಡಿದೆ, ಹಳೆಯದಾಗಿ ಕಾಣಲೆಂದು. ಮರುದಿನ ಬಂದ ಹಿರಿಯರು ಪುಸ್ತಕವನ್ನು ಮೆಲ್ಲಗೆ ತಿರುವಿ ಒಂದು ಸಹಿಯ ಮೇಲೆ ಬೆರಳಿಟ್ಟು, 'ಈ ತಾಯಿ ಬಾಣಂತನಕ್ಕೆ ತವರಿಗೆ ಹೋದವರು, ಸಹಿ ಹಾಕೋಕೆ ಅಂತ ಬಂದು ಹೋದ್ರೇನಮ್ಮ?' ಎಂದರು. ಬೆಳಿಗ್ಗೆ ನಾವು ಬರುವ ಮೊದಲೇ ಅವರು ಆ ಮನೆಯ ಜಗಲಿಯಲ್ಲಿ ಕೂತು ಅವಳ ಅತ್ತೆಯ ಜೊತೆ ಮಾತಾಡಿದ್ದರು. ಬೈಯಲಿಲ್ಲ, ವರದಿಯಲ್ಲೂ ಬರೆಯಲಿಲ್ಲ. ಈಗ ನಾನು ಯಾವುದೇ ಸಂಸ್ಥೆಯ ಪುಸ್ತಕ ಬಿಡಿಸಿದರೂ ಮೊದಲು ನೋಡುವುದು ಶಾಯಿಯನ್ನು. ಆಮೇಲೆ ಜಗಲಿಗೆ ಹೋಗುತ್ತೇನೆ.

2. ಅಡಿಕೆ ಸುಗ್ಗಿಯಲ್ಲಿ ಮಹಿಳಾ ಸಂಘದ ಸಭೆ ಕರೆಯಬೇಡಿ.

ಇದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. ನಮ್ಮ ಹೊಳಲ್ಕೆರೆ ತಾಲ್ಲೂಕಿನಲ್ಲಿ ಮಳೆಗಾಲ ಮುಗಿಯುತ್ತ ಬರುವಾಗ ಅಡಿಕೆ ಕೊಯ್ಲು ಶುರುವಾದರೆ ಹೆಂಗಸರು ಸಂಜೆಯ ಮೇಲೆ ಸಿಗುವುದಿಲ್ಲ. ಹಸಿ ಕಾಯಿ ಕಾಯುವುದಿಲ್ಲ, ಕೊಯ್ದದ್ದನ್ನು ಬೇಗ ಸುಲಿಯಬೇಕು, ಬೇಯಿಸಬೇಕು. ಈಗ ಸುಲಿಯುವ ಮಷಿನ್ ಬಂದಿವೆ, ಆದರೂ ಕೈಯಲ್ಲಿ ಸುಲಿಯುವ ಮನೆಗಳಿವೆ. ಬೆಂಗಳೂರಿನ ಒಬ್ಬ ಅಧಿಕಾರಿಣಿಗೆ ಅಕ್ಟೋಬರಿನಲ್ಲೇ 'ಫೋಕಸ್ ಗ್ರೂಪ್' ಆಗಬೇಕಿತ್ತು. ಸಭೆಗೆ ಬಂದವರು ಮೂವರು, ಮೂವರೂ ಅಜ್ಜಿಯರು. ನಾನು ಅಧಿಕಾರಿಣಿಯನ್ನು ಸುಲಿಯುವ ಶೆಡ್ಡಿಗೇ ಕರೆದುಕೊಂಡು ಹೋದೆ. ಹಲಗೆಗೆ ಸಿಕ್ಕಿಸಿದ ಕತ್ತಿಯ ಮುಂದೆ ಸಾಲಾಗಿ ಹನ್ನೆರಡು ಜನ. ಕಾಯಿ ಕತ್ತಿಗೆ ತಾಗಿ, ತಿರುಗಿ, ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ಬೆರಳ ತುದಿಯೆಲ್ಲ ಕರೆ ಹತ್ತಿ ಕಪ್ಪಾಗಿತ್ತು. ಕೈ ನಿಲ್ಲಿಸದೆ ಒಬ್ಬಳು ಹೇಳಿದಳು: 'ಕೇಳ್ರಿ ಅಕ್ಕಾ, ನಮ್ ಬಾಯಿ ಖಾಲಿನೇ ಐತೆ.' ಆ ಎರಡು ತಾಸಿನಲ್ಲಿ ಸಂಘದ ಸಾಲ, ಮೈಕ್ರೋ ಫೈನಾನ್ಸಿನ ಸಾಲ, ಒಂದನ್ನು ತೀರಿಸಲು ಇನ್ನೊಂದನ್ನು ಎತ್ತುವುದು ಎಲ್ಲವೂ ಹೊರಬಂತು. ಕುರ್ಚಿ ಹಾಕಿ ಸಭೆ ನಡೆಸಿದ್ದರೆ 'ಎಲ್ಲಾ ಚೆನ್ನಾಗೈತೆ ಮೇಡಂ' ಎಂಬುದಕ್ಕಿಂತ ಹೆಚ್ಚೇನೂ ಸಿಗುತ್ತಿರಲಿಲ್ಲ.

3. ಮಳೆಯ ಪಾಲು ಮಳೆಗೆ ಬಿಡಿ.

ಈ ಪಾಠಕ್ಕೆ ನಾನು ಒಬ್ಬ ಗಿರಾಕಿಯನ್ನು ಕಳೆದುಕೊಂಡೆ. ತಡೆ ಅಣೆ ಕಟ್ಟಿ ಸಣ್ಣ ಕೆರೆಗಳ ಹೂಳೆತ್ತಿದ ಒಂದು ಯೋಜನೆಯ ಕೊನೆಯ ಮೌಲ್ಯಮಾಪನ ನನಗೆ ಬಂತು. ಬೇಸ್‌ಲೈನ್ ಎಂಬ ಆರಂಭದ ಅಳತೆ ಮಾಡಿದ್ದು 2019ರ ಬೇಸಿಗೆಯಲ್ಲಿ. ಅದಕ್ಕೂ ಹಿಂದಿನ ಬರದ ವರ್ಷಗಳಲ್ಲಿ ಈ ಭಾಗದವರು ಅಡಿಕೆ ಗಿಡ ಉಳಿಸಿಕೊಳ್ಳಲು ಟ್ಯಾಂಕರಿನಲ್ಲಿ ನೀರು ಹೊಡೆಸಿದ್ದರು. ನಾನು ಎಂಡ್‌ಲೈನಿಗೆ ಅಂದರೆ ಕೊನೆಯ ಅಳತೆಗೆ ಹೋದದ್ದು 2023ರ ಆರಂಭದಲ್ಲಿ. ನಡುವೆ ಏನಾಗಿತ್ತು? 2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ (ನಮ್ಮ ಬಾಯಲ್ಲಿ ಮಾರಿಕಣಿವೆ) ಕೋಡಿ ಬಿದ್ದಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು, 130 ಅಡಿಯ ಪೂರ್ಣ ಮಟ್ಟ, ಹಿಂದೆ ಕೋಡಿ ಬಿದ್ದದ್ದು 1933ರಲ್ಲಿ. 89 ವರ್ಷದ ಮೇಲೆ ಅದು ತುಂಬಿ ಹರಿದದ್ದನ್ನು ನೋಡಲು ಜಿಲ್ಲೆಗೆ ಜಿಲ್ಲೆಯೇ ಮಾರಿಕಣಿವೆಗೆ ಹೋಗಿತ್ತು. ನಮ್ಮವ್ವನೂ ಬುತ್ತಿ ಕಟ್ಟಿಕೊಂಡು ಹೋಗಿ ಬಂದಳು.

ಯೋಜನೆಯ ಹಳ್ಳಿಗಳಲ್ಲಿ ಕೊಳವೆಬಾವಿಗಳು ಉಕ್ಕುತ್ತಿದ್ದವು. ಸಂಸ್ಥೆಯ ನಿರ್ದೇಶಕರು ಹೋದಲ್ಲೆಲ್ಲ ಮೋಟರ್ ಹಾಕಿಸಿ ತೋರಿಸಿದರು. 'ನೋಡಿ ಮೇಡಂ, ನಮ್ಮ ಚೆಕ್ ಡ್ಯಾಮ್!' ಫೋಟೋ ತೆಗೆದುಕೊಂಡೆ. ಸಂಜೆ ವಾಪಸು ಬರುವಾಗ ಯೋಜನೆಗೆ ಸೇರದ ಎರಡು ಹಳ್ಳಿಗಳಲ್ಲಿ ಗಾಡಿ ನಿಲ್ಲಿಸಿದೆ. ಅಲ್ಲೂ ಬಾವಿಗಳು ಉಕ್ಕುತ್ತಿದ್ದವು. ಒಬ್ಬ ಯಜಮಾನರು ನಕ್ಕು, 'ಚೆಕ್ ಡ್ಯಾಮ್ ಯಾವ್ದೂ ಇಲ್ಲ ನಮ್ಮಲ್ಲಿ, ಮಳೆರಾಯ ಕಟ್ಟಿಸಿದ್ದು' ಎಂದರು.

ಹಾಗೆಂದು ಯೋಜನೆ ದಂಡ ಎಂದು ಬರೆಯುವುದೂ ಸುಳ್ಳೇ. ಕೆರೆಯ ಹೂಳು ಹೊಡೆಸಿದ ಹೊಲಗಳಲ್ಲಿ ಮಣ್ಣಿನ ಬಣ್ಣವೇ ಬದಲಾಗಿತ್ತು, ಅದನ್ನು ಮಳೆ ಮಾಡಿಕೊಡುವುದಿಲ್ಲ. ಹಾಗಾಗಿ ಬರೆದೆ: ಹೂಳಿನ ಲಾಭ ಯೋಜನೆಯದು, ಅಂತರ್ಜಲದ ಏರಿಕೆಯಲ್ಲಿ ಯೋಜನೆಯ ಪಾಲೆಷ್ಟು, ಮಳೆಯ ಪಾಲೆಷ್ಟು ಎಂಬುದನ್ನು ಈ ವರ್ಷ ಹೇಳಲು ಬರುವುದಿಲ್ಲ, ಬರದ ವರ್ಷ ಬಂದಾಗ ಪಕ್ಕದ ಹಳ್ಳಿಗಳನ್ನೂ ಸೇರಿಸಿ ಮತ್ತೆ ಅಳೆಯಿರಿ. ಮೊದಲ ಮಾತು ಯಾರಿಗೂ ನೆನಪಿಲ್ಲ, ಎರಡನೆಯದಕ್ಕೆ ಎಲ್ಲರಿಗೂ ಸಿಟ್ಟು ಬಂತು. ಕೊನೆಯ ಕಂತಿನ ಫೀಸು ಏಳು ತಿಂಗಳು ತಡವಾಯಿತು.

ಬರದ ವರ್ಷಕ್ಕೆ ಬಹಳ ಕಾಯಬೇಕಾಗಲಿಲ್ಲ. ಅದೇ 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಮುಂದಿನ ಬೇಸಿಗೆಗೆ ನನ್ನದೇ ಖರ್ಚಿನಲ್ಲಿ ಆ ಹಳ್ಳಿಗಳಿಗೆ ಹೋಗಿಬಂದೆ. ತಡೆ ಅಣೆಗೆ ಹತ್ತಿರದ ಬಾವಿಗಳು ಉಳಿದವಕ್ಕಿಂತ ಒಂದಿಷ್ಟು ವಾರ ಹೆಚ್ಚು ನೀರು ಕೊಟ್ಟಿದ್ದವು, ದೂರದವು ಪಕ್ಕದ ಹಳ್ಳಿಯಂತೆಯೇ ಒಣಗಿದ್ದವು. ಯೋಜನೆಗೆ ನಿಜವಾಗಿ ಸಲ್ಲಬೇಕಾದದ್ದು ಅಷ್ಟು. ಅದೇನೂ ಸಣ್ಣದಲ್ಲ. ಆದರೆ ಆ ವರ್ಷ ಅದನ್ನು ಬರೆಸಲು ಯಾರೂ ನನ್ನನ್ನು ನೇಮಿಸಿರಲಿಲ್ಲ.

4. ಕೂಲಿ ಕೊಡುವವರು ಒಬ್ಬರು, ಪರೀಕ್ಷೆಗೆ ಕೂರುವವರು ಇನ್ನೊಬ್ಬರು ಎಂದುಕೊಳ್ಳಬೇಡಿ. ಬಹಳ ಸಲ ಇಬ್ಬರೂ ಒಬ್ಬರೇ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್‌ನಿಂದ ಜಾರಿಗೆ ಬಂದ ಮೇಲೆ ನಮ್ಮ ಕಸುಬಿನ ನಕ್ಷೆಯೇ ಬದಲಾಯಿತು. ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ, ಅಂದರೆ ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. 2021ರಲ್ಲಿ ಇನ್ನೊಂದು ನಿಯಮ ಬಂತು: ಸಿಎಸ್‌ಆರ್ ಬಾಧ್ಯತೆ ಸರಾಸರಿ 10 ಕೋಟಿ ಅಥವಾ ಮೇಲ್ಪಟ್ಟಿರುವ ಕಂಪನಿ, 1 ಕೋಟಿ ಅಥವಾ ಅದಕ್ಕಿಂತ ದೊಡ್ಡ ಯೋಜನೆ ಮುಗಿದು ಕನಿಷ್ಠ ಒಂದು ವರ್ಷವಾದ ಮೇಲೆ ಹೊರಗಿನವರಿಂದ ಪರಿಣಾಮದ ಅಧ್ಯಯನ ಮಾಡಿಸಬೇಕು. ಆ ಒಂದು ವರ್ಷದ ಅಂತರ ಬರೆದವರು ಯಾರೋ ಹೊಲ ನೋಡಿದವರೇ ಇರಬೇಕು. ನಮ್ಮಂಥವರಿಗೆ ಕೆಲಸ ಹೆಚ್ಚಾಯಿತು. ಆದರೆ ಕಂಪನಿಯ ಯೋಜನೆಯನ್ನು ಕಂಪನಿಯ ದುಡ್ಡಿನಲ್ಲೇ ತೂಗಬೇಕು. ಕರಡು ಕಳಿಸಿದ ಮರುದಿನ ಫೋನ್: 'ಮೇಡಂ, ಮೂರನೇ ಅಧ್ಯಾಯ ಸ್ವಲ್ಪ ಪಾಸಿಟಿವ್ ಆಗಿ...'

ಇದಕ್ಕೆ ನಾನು ಕಂಡುಕೊಂಡ ಉಪಾಯ ಒಪ್ಪಂದದಲ್ಲೇ ಇದೆ. ಮೂರು ಸಾಲು ಸೇರಿಸಿ: ಕರಡಿನ ಮೇಲೆ ಅಂಕಿಅಂಶದ ತಪ್ಪುಗಳನ್ನು ತಿದ್ದಬಹುದು, ನಿರ್ಣಯವನ್ನಲ್ಲ, ಒಪ್ಪದಿದ್ದರೆ ತಮ್ಮ ಉತ್ತರವನ್ನು ಕೊನೆಯಲ್ಲಿ ಲಗತ್ತಿಸಬಹುದು, ಫೀಸಿನ ಅರ್ಧ ಮುಂಗಡ. ಮೂರನೆಯದು ಇಲ್ಲದಿದ್ದರೆ ಮೊದಲಿನ ಎರಡು ಉಳಿಯುವುದಿಲ್ಲ. ಕಡೆಯ ಕಂತಿನ ಮೇಲೆ ಮನೆ ನಡೆಯುವವರಿಗೆ ಬೆನ್ನುಮೂಳೆ ನೆಟ್ಟಗಿರುವುದು ಕಷ್ಟ. ನನಗೂ ಕಷ್ಟವಾಗಿದೆ. ಎರಡು ವರದಿಗಳಲ್ಲಿ ನಾನು 'ವಿಫಲ' ಎಂದು ಬರೆಯಬೇಕಾದಲ್ಲಿ 'ಸುಧಾರಣೆಗೆ ಅವಕಾಶವಿದೆ' ಎಂದು ಬರೆದಿದ್ದೇನೆ. ಆ ಎರಡೂ ಇನ್ನೂ ನನ್ನ ಬೀರುವಿನಲ್ಲಿವೆ.

5. ಟಿಡಿಎಸ್ ಶೇ. 10 ಹಿಡಿದುಕೊಂಡೇ ಕೊಡುತ್ತಾರೆ, ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹೊಳಲ್ಕೆರೆಯಲ್ಲಿ ಒಳ್ಳೆಯ ಟ್ಯಾಕ್ಸ್ ಪ್ರಾಕ್ಟೀಷನರ್ ಒಬ್ಬರನ್ನು ಹಿಡಿದುಕೊಳ್ಳಿ. ಇದರ ಬಗ್ಗೆ ಇಷ್ಟು ಸಾಕು.

6. ಸಣ್ಣ ಸಂಸ್ಥೆಗೆ ಕನಸಿಗಿಂತ ಮೊದಲು ಕಾನೂನು ಓದಿ ಹೇಳಿ.

2020ರ ಸೆಪ್ಟೆಂಬರಿನಲ್ಲಿ ವಿದೇಶಿ ದೇಣಿಗೆ ಕಾಯ್ದೆಯಾದ ಎಫ್‌ಸಿಆರ್‌ಎ ತಿದ್ದುಪಡಿಯಾಯಿತು. ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಬೇರೆ ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು, ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಪತ್ರಿಕೆಗಳಲ್ಲಿ ಇದು ದೊಡ್ಡ ಸಂಸ್ಥೆಗಳ ಸುದ್ದಿಯಾಯಿತು. ಏಟು ಬಿದ್ದದ್ದು ತಾಲ್ಲೂಕು ಮಟ್ಟದವರಿಗೆ. ಅವರಿಗೆ ನೇರವಾಗಿ ವಿದೇಶದ ದಾನಿ ಯಾರೂ ಇರಲಿಲ್ಲ, ಬೆಂಗಳೂರಿನ ಒಂದು ದೊಡ್ಡ ಸಂಸ್ಥೆ ತನ್ನ ಅನುದಾನದ ಒಂದು ಪಾಲನ್ನು ಇವರಿಗೆ ಕೊಟ್ಟು ಕೆಲಸ ಮಾಡಿಸುತ್ತಿತ್ತು. ಆ ದಾರಿ ಒಂದೇ ದಿನಕ್ಕೆ ಮುಚ್ಚಿತು. ಹೊಸದುರ್ಗದ ಕಡೆಯ ಒಬ್ಬ ಕಾರ್ಯದರ್ಶಿ ಫೋನ್ ಮಾಡಿ, 'ಅಕ್ಕಾ, ಆರು ಜನ ಹುಡುಗರಿಗೆ ಸಂಬಳ ಕೊಡಬೇಕು, ಯಾವುದಾದರೂ ಪ್ರಪೋಸಲ್ ಬರೆದುಕೊಡ್ರಿ' ಎಂದರು. ಪ್ರಪೋಸಲ್ ಬರೆಯುವುದು ಎರಡು ದಿನದ ಕೆಲಸ. ಆದರೆ ಅವರ ಸೊಸೈಟಿಯ ಆಡಳಿತ ಮಂಡಳಿಯ ಪಟ್ಟಿಯಲ್ಲಿ ತೀರಿಕೊಂಡವರಿಬ್ಬರ ಹೆಸರು ಇನ್ನೂ ಇತ್ತು, ರಿಜಿಸ್ಟ್ರಾರರಿಗೆ ಮೂರು ವರ್ಷದ ದಾಖಲೆ ಸಲ್ಲಿಸಿರಲಿಲ್ಲ, ಆದಾಯ ತೆರಿಗೆ ವಿನಾಯಿತಿಯ 12ಎ ಮತ್ತು 80ಜಿ ಮರುನೋಂದಣಿಯಾಗಿರಲಿಲ್ಲ, ಕಂಪನಿಗಳ ದುಡ್ಡು ಪಡೆಯಲು ಬೇಕಾದ ಸಿಎಸ್‌ಆರ್-1 ಎಂಬ ಹೆಸರನ್ನೇ ಅವರು ಕೇಳಿರಲಿಲ್ಲ. ಇವಿಲ್ಲದೆ ಯಾವ ಕಂಪನಿಯೂ ಮಾತಾಡಿಸುವುದಿಲ್ಲ. ನಾಲ್ಕು ತಿಂಗಳು ನಾವು ಬರೀ ಕಾಗದ ಸರಿ ಮಾಡಿದೆವು. ಅಷ್ಟರಲ್ಲಿ ಆರು ಜನರಲ್ಲಿ ನಾಲ್ವರು ಬಿಟ್ಟುಹೋಗಿದ್ದರು.

ಇದೇ ಸಾಲಿನಲ್ಲಿ ಇನ್ನೊಂದು. ಎಷ್ಟೋ ಕಂಪನಿಗಳ ಸಿಎಸ್‌ಆರ್ ವಿಭಾಗದವರು ಸಂಸ್ಥೆಗಳಿಗೆ 'ಕಾನೂನಿನ ಪ್ರಕಾರ ಆಡಳಿತ ವೆಚ್ಚ ಶೇ. 5 ಮಾತ್ರ' ಎಂದು ಹೇಳಿ ಬಾಡಿಗೆ, ಅಕೌಂಟೆಂಟ್ ಸಂಬಳ ಎಲ್ಲವನ್ನೂ ಹೊಡೆದುಹಾಕುತ್ತಾರೆ. ಆ ಶೇ. 5ರ ಮಿತಿ ಇರುವುದು ಕಂಪನಿಯು ತನ್ನದೇ ಸಿಎಸ್‌ಆರ್ ವಿಭಾಗ ನಡೆಸುವ ಖರ್ಚಿಗೆ. ಕೆಲಸ ಮಾಡುವ ಸಂಸ್ಥೆಯ ಖರ್ಚು ಆ ಲೆಕ್ಕಕ್ಕೆ ಬರುವುದಿಲ್ಲವೆಂದು ಕಂಪನಿ ವ್ಯವಹಾರಗಳ ಸಚಿವಾಲಯವೇ 2021ರಲ್ಲಿ ಸ್ಪಷ್ಟಪಡಿಸಿದೆ. ಆ ಪುಟದ ಪ್ರತಿಯನ್ನು ಚೀಲದಲ್ಲಿಟ್ಟುಕೊಂಡೇ ಬಜೆಟ್ ಮೀಟಿಂಗಿಗೆ ಹೋಗುತ್ತೇನೆ. ನಾಲ್ಕರಲ್ಲಿ ಒಂದು ಸಲ ಅದು ಕೆಲಸಕ್ಕೆ ಬಂದಿದೆ.

7. ಮಾಡೆಲ್ ತರಬೇಡಿ, ಒಡೆದುಹೋದದ್ದನ್ನು ನೋಡಿ.

ಚಿತ್ರದುರ್ಗ ಜಿಲ್ಲೆಯಲ್ಲೂ ಬಹಳ ಕಾಲ ಕೆಲಸ ಮಾಡಿದ ಮೈರಾಡ ಸಂಸ್ಥೆ ಹುಟ್ಟಿದ್ದು 1968ರಲ್ಲಿ, ಟಿಬೆಟ್ ನಿರಾಶ್ರಿತರಿಗೆ ನೆಲೆ ಕಲ್ಪಿಸಲು. ಮುಂದೆ ಅದು ಸಹಕಾರ ಸಂಘಗಳ ಮೂಲಕ ಸಾಲ ಕೊಡಿಸುತ್ತಿತ್ತು. 1984-85ರ ಹೊತ್ತಿಗೆ ಆ ಸಂಘಗಳಲ್ಲಿ ಕೆಲವು ಒಡೆದುಹೋದವು. ಬೇರಾದ ಸಣ್ಣ ಗುಂಪಿನವರು ಸಾಲವನ್ನು ನಿಮಗೇ ಕಟ್ಟುತ್ತೇವೆ ಎಂದು ಬಂದಾಗ, ನಮಗೆ ಬೇಡ, ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಎಂದರಂತೆ. ಸ್ವಸಹಾಯ ಸಂಘದ ಬೀಜಗಳಲ್ಲಿ ಅದೂ ಒಂದು. 1987ರಲ್ಲಿ ನಬಾರ್ಡ್ ಇದಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು, 1992ರಲ್ಲಿ ಸಂಘಗಳಿಗೆ ಬ್ಯಾಂಕ್ ಸಾಲ ಜೋಡಿಸುವ ಪ್ರಯೋಗ ಶುರುಮಾಡಿತು. ಈಗ ಪವರ್ ಪಾಯಿಂಟಿನಲ್ಲಿ ಬಾಣದ ಗುರುತು ಹಾಕಿ ತೋರಿಸುವ ಮಾದರಿಯ ಒಂದು ಮೂಲ, ಸಂಘಗಳ ಜಗಳ. ಹಳ್ಳಿಯಲ್ಲಿ ನಿಂತುಹೋದ ಡೈರಿ, ಮುಚ್ಚಿದ ಸಂಘ ಕಂಡರೆ ನಾನು ಅಲ್ಲೇ ಚಹಾ ಕುಡಿಯುತ್ತೇನೆ. ಯಾಕೆ ನಿಂತಿತು ಎಂದು ಕೇಳಿದರೆ ಸಿಗುವಷ್ಟು ಮಾಹಿತಿ ನಡೆಯುತ್ತಿರುವ ಸಂಘದಲ್ಲಿ ಸಿಗುವುದಿಲ್ಲ.

8. ಬೆಂಗಳೂರಿನ ಫೌಂಡೇಶನ್‌ಗಳ ಪಟ್ಟಿ ಮಾಡುವ ಮೊದಲು ಮನೆ ಬಾಗಿಲಿನ ಪ್ರತಿಷ್ಠಾನ ನೋಡಿ. ನಮ್ಮ ಜಿಲ್ಲೆಯ ಭೀಮಸಮುದ್ರದ ಸುತ್ತ ಅಡಿಕೆ ವ್ಯಾಪಾರವೂ ಇದೆ, ಕಬ್ಬಿಣದ ಅದಿರಿನ ಗಣಿಯೂ ಇದೆ. 2015ರ ಗಣಿ ಕಾಯ್ದೆ ತಿದ್ದುಪಡಿಯ ನಂತರ ಇಂಥ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ. ಹಳೆಯ ಗುತ್ತಿಗೆದಾರರು ರಾಯಧನದ ಶೇ. 30ರಷ್ಟನ್ನು, ಹರಾಜಿನಲ್ಲಿ ಪಡೆದವರು ಶೇ. 10ರಷ್ಟನ್ನು ಅದಕ್ಕೆ ಕಟ್ಟಬೇಕು. ಅದು ಗಣಿಬಾಧಿತ ಜನರದೇ ದುಡ್ಡು: ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಹೋಗಬೇಕಾದದ್ದು. ಲಾರಿ ಧೂಳು ಕುಡಿಯುವ ಹಳ್ಳಿಯ ಸಂಘದವರೊಬ್ಬರು ಮುಂಬೈಯ ದಾನಿಗೆ ಶಾಲಾ ಶೌಚಾಲಯಕ್ಕೆ ಅರ್ಜಿ ಬರೆಸಲು ನನ್ನ ಬಳಿ ಬಂದಿದ್ದರು. ನಾನು ಅವರನ್ನು ಗ್ರಾಮ ಪಂಚಾಯಿತಿಗೆ ಕಳಿಸಿದೆ: ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಕ್ರಿಯಾಯೋಜನೆಗೆ ಸೇರಿಸಲು ಜಿಲ್ಲಾಧಿಕಾರಿಗಳಿಗೆ ಬರೆಯಿರಿ ಎಂದು. ನನ್ನ ಫೀಸು ಹೋಯಿತು. ಶೌಚಾಲಯ ಇನ್ನೂ ಬಂದಿಲ್ಲ, ಪಟ್ಟಿಯಲ್ಲಿದೆ.

9. ವರದಿಯನ್ನು ಹಳ್ಳಿಗೆ ವಾಪಸು ತನ್ನಿ, ಕನ್ನಡದಲ್ಲಿ.

ಹದಿನೈದು ವರ್ಷ ನಾನು ಬರೆದ ಎಲ್ಲ ವರದಿಗಳೂ ಇಂಗ್ಲಿಷಿನಲ್ಲಿ ಮೇಲಕ್ಕೆ ಹೋದವು. ಯಾವ ಊರಿನ ಬಗ್ಗೆ ಬರೆದೆನೋ ಆ ಊರಿನ ಒಬ್ಬರೂ ಓದಲಿಲ್ಲ. ಈಗ ಒಪ್ಪಂದದಲ್ಲಿ ಎರಡು ದಿನ ಅದಕ್ಕೆಂದೇ ಕೇಳುತ್ತೇನೆ. ಕೊಡದಿದ್ದರೆ ಅರ್ಧ ದಿನ ನನ್ನದೇ. ನಾಲ್ಕು ಪುಟ ಕನ್ನಡ, ದೊಡ್ಡ ಅಕ್ಷರ, ಊರಿನ ಹೆಸರು, ಖರ್ಚಾದ ದುಡ್ಡು, ಯಾರಿಗೆ ಏನು ಸಿಕ್ಕಿತು. ಮೇಲಿನವರಿಗೆ ಕಳಿಸುವ ಮೊದಲೇ ಊರವರ ಮುಂದೆ ಓದುತ್ತೇನೆ.

ಮೊದಲ ಸಲ ಹೀಗೆ ಓದಿದಾಗ ಹೆದರಿಕೆಯಿತ್ತು. ಗುಡಿ ಕಟ್ಟೆಯ ಮೇಲೆ ನಲವತ್ತು ಜನ. ಕೃಷಿಹೊಂಡ ಪಡೆದವರ ಪಟ್ಟಿ ಓದುತ್ತಿದ್ದಂತೆ ಹಿಂದಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. 'ಆ ಹನ್ನೊಂದನೇ ಹೆಸರು ನಮ್ ಯಜಮಾನ್ರದು. ಹೊಂಡ ಎಲ್ಲೈತೆ ತೋರ್ಸ್ರಿ, ನಾನೂ ನೋಡ್ಬೇಕು.' ಜನ ನಕ್ಕರು, ಸಂಸ್ಥೆಯ ಹುಡುಗ ನಗಲಿಲ್ಲ. ನಾವು ಟಾರ್ಚ್ ಹಿಡಿದು ಹೊಲಕ್ಕೆ ಹೋದೆವು. ಹೊಂಡ ಇತ್ತು, ಆದರೆ ಸರ್ವೆ ನಂಬರಿನ ಆಚೆ, ಅವಳ ಮೈದುನನ ಹೊಲದಲ್ಲಿ. ಅಣ್ಣನ ಹೆಸರಿನಲ್ಲಿ ತಮ್ಮ ತೋಡಿಸಿಕೊಂಡಿದ್ದ. ನಮ್ಮ ಜಿಪಿಎಸ್ ಫೋಟೋದಲ್ಲಿ ಹೊಂಡ ಚೆನ್ನಾಗಿಯೇ ಬಂದಿತ್ತು. ಯಾರ ಹೊಲ ಎಂದು ಫೋಟೋ ಹೇಳುವುದಿಲ್ಲ.

ವಾಪಸು ಕಟ್ಟೆಗೆ ಬಂದಾಗ ಹತ್ತು ದಾಟಿತ್ತು. ಆ ಹೆಂಗಸು ನನ್ನ ಕೈಯಿಂದ ನಾಲ್ಕು ಪುಟ ಇಸಿದುಕೊಂಡು, ಹನ್ನೊಂದನೇ ಸಾಲಿಗೆ ಪೆನ್ನಿನಿಂದ ಗೀಟು ಹಾಕಿ, ಬುಡದಲ್ಲಿ ತನ್ನ ಸಹಿ ಮಾಡಿ ಕೊಟ್ಟಳು. ಬಿಡಿಬಿಡಿ ಅಕ್ಷರ, ನಿಧಾನಕ್ಕೆ ಬರೆದದ್ದು. ಇಂಗ್ಲಿಷ್ ವರದಿಯ ಕೊನೆಗೆ ಆ ಪುಟವನ್ನೇ ಸ್ಕ್ಯಾನ್ ಮಾಡಿ ಲಗತ್ತಿಸಿದೆ. ಬೆಂಗಳೂರಿನಿಂದ ಒಂದೇ ಪ್ರಶ್ನೆ ಬಂತು: ಇದೇನು, ಗೀಟು ಹಾಕಿದ ಪ್ರತಿ ಕಳಿಸಿದ್ದೀರಿ, ಫೇರ್ ಕಾಪಿ ಇಲ್ಲವೇ?